ಕ್ಯಾಶ್ ಅಳಿಸಿದರೆ ದುಡ್ಡು ಹೋಗಲ್ಲ

ತೀರ್ಥಹಳ್ಳಿಯ ನಮ್ಮ ಚಿಕ್ಕಮ್ಮ ಮೊನ್ನೆ ಫೋನ್ ಮಾಡಿ, 'ಕ್ಯಾಶ್ ಕ್ಲಿಯರ್ ಮಾಡು ಅಂತ ಬರ್ತಿದೆ ಮಾರಾಯ, ಅಡಿಕೆ ದುಡ್ಡು ಹೋಗುತ್ತಾ?' ಎಂದರು. ನಗಬೇಡಿ. ಎರಡರ ಉಚ್ಚಾರವೂ ಒಂದೇ, ಕ್ಯಾಶ್. ಇಂಗ್ಲಿಷಿನಲ್ಲಿ ಬರೆಯುವುದು ಮಾತ್ರ ಬೇರೆ: ದುಡ್ಡಿನದು ಸಿ-ಎ-ಎಸ್-ಎಚ್, ಕಂಪ್ಯೂಟರಿನದು ಸಿ-ಎ-ಸಿ-ಎಚ್-ಇ. ಕ್ಯಾಚೆಯೂ ಅಲ್ಲ, ಕ್ಯಾಚೂ ಅಲ್ಲ. ಪದ ಬಂದಿದ್ದು ಫ್ರೆಂಚಿನಿಂದ, ಬಚ್ಚಿಡು ಅನ್ನುವ ಅರ್ಥದಿಂದ.

ಮಳೆಗಾಲದಲ್ಲಿ ಕೊಟ್ಟಿಗೆಗೆ ಓಡಾಡುವುದು ಬೇಡ ಅಂತ ಒಲೆ ಪಕ್ಕ ನಾಲ್ಕು ಸೌದೆ ಇಟ್ಟುಕೊಳ್ಳುತ್ತೇವಲ್ಲ, ಹಾಗೇ ಇದು. ಪದೇ ಪದೇ ಬೇಕಾಗುವುದನ್ನು ಫೋನ್ ಕೈಗೆ ಸಿಗುವಂತೆ ಇಟ್ಟುಕೊಂಡಿರುತ್ತದೆ. ಅಳಿಸಿದರೆ ಮತ್ತೆ ತಂದುಕೊಳ್ಳುತ್ತದೆ. ಮೊದಲ ಸಲ ಆ್ಯಪ್ ಸ್ವಲ್ಪ ನಿಧಾನ ಆಗಬಹುದು, ಅಷ್ಟೇ.

ಆದರೆ ಅಲ್ಲೇ ಇರುವ 'ಕ್ಲಿಯರ್ ಡೇಟಾ' ಸುಮ್ನೆ ಒತ್ತಬೇಡಿ. ಅದು ಲಾಗಿನ್, ಸೆಟ್ಟಿಂಗ್ ಎಲ್ಲವನ್ನೂ ಅಳಿಸಿಬಿಡುತ್ತದೆ.