ಅಂಬಾಸಿಡರ್: ಮಸಿ ಹಿಡಿದದ್ದು 3-4ಕ್ಕೆ, ರೋಗ ಇದ್ದದ್ದು 1-2ರಲ್ಲಿ

1489 ಸಿಸಿ ಅಂಬಾಸಿಡರ್, ಗಾಳಿಗೆ ಪೆಟ್ರೋಲ್ ಬೆರೆಸುವ ಸೊಲೆಕ್ಸ್ ಕಾರ್ಬೊರೇಟರ್, ಪ್ಲಗ್ಗುಗಳಿಗೆ ಕಿಡಿ ಹಂಚುವ, ಪಾಯಿಂಟ್ಸ್ ಇರುವ ಡಿಸ್ಟ್ರಿಬ್ಯೂಟರ್. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಇನ್ನೂರು ಕಿಲೋಮೀಟರ್ ಓಡಿದರೆ ಸಾಕು, 3 ಮತ್ತು 4ನೇ ಸಿಲಿಂಡರಿನ ಸ್ಪಾರ್ಕ್ ಪ್ಲಗ್ಗಿಗೆ ಮಖಮಲ್ಲಿನಂಥ ಒಣ ಮಸಿ. 1 ಮತ್ತು 2 ಸುಣ್ಣ ಬಳಿದ ಹಾಗೆ ಬೆಳ್ಳಗೆ. ನೋಡಿದ ಮೂವರಲ್ಲಿ ಇಬ್ಬರು ಪಿಸ್ಟನ್ ರಿಂಗ್ ಹೋಗಿ ಆಯಿಲ್ ಮೇಲೇರುತ್ತಿದೆ ಎಂದರು, ಒಬ್ಬರು ಕಾರ್ಬೊರೇಟರ್ ಬದಲಿಸಿ ಎಂದರು. ರಿಂಗ್-ಬೋರ್ ಕೆಲಸಕ್ಕೆ ಹೇಳಿದ ಅಂದಾಜು ನಲವತ್ತು ಸಾವಿರದ ಹತ್ತಿರ. ಕೊನೆಗೆ ಸರಿಹೋದದ್ದು ಎರಡು ವಾಷರ್‌ನಿಂದ.

ರಿಂಗ್ ಎಂಬ ಮಾತನ್ನು ಮೊದಲೇ ತಳ್ಳಿಹಾಕಿದ್ದೆ. ಮಸಿ ಬೆರಳಿಗೆ ಒಣಗಿ ಹತ್ತುತ್ತದೆ, ಜಿಡ್ಡಿಲ್ಲ. ಅಂದರೆ ಪೆಟ್ರೋಲ್ ಮಸಿ, ಆಯಿಲ್ ಅಲ್ಲ. ಆದರೂ ಬಾಯಿ ಮುಚ್ಚಿಸಲು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆದೆ. ಇಂಜಿನ್ ಬಿಸಿ, ನಾಲ್ಕೂ ಪ್ಲಗ್ ಹೊರಗೆ, ಥ್ರಾಟಲ್ ಪೂರ್ತಿ ತೆರೆದು: 128, 130, 130, 125 ಪಿಎಸ್‌ಐ ಆಸುಪಾಸು. ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೆ ಏರಿದ್ದು ಐದಾರು; ರಿಂಗ್ ಸವೆದಿದ್ದರೆ ಬಹಳ ಏರಬೇಕಿತ್ತು. ಇಲ್ಲಿ ರಿಂಗಿನ ತಪ್ಪೇನಿದೆ?

ಆಮೇಲಿನ ಎರಡು ತಿಂಗಳು ದಂಡ. ಪ್ಲಗ್ ಎರಡು ಸೆಟ್, ಸುಮಾರು 1,300. ಹೆಚ್‌ಟಿ ವಯರ್ (ಪ್ಲಗ್ಗಿಗೆ ಕರೆಂಟ್ ಒಯ್ಯುವುದು), ಡಿಸ್ಟ್ರಿಬ್ಯೂಟರ್ ಕ್ಯಾಪ್, ರೋಟರ್ 1,400. ಕಾರ್ಬೊರೇಟರ್ ಕಿಟ್, ಕ್ಲೀನಿಂಗ್ 1,900. 1ನೇ ಪ್ಲಗ್ಗನ್ನು 3ಕ್ಕೆ, 3ರದ್ದನ್ನು 1ಕ್ಕೆ ಹಾಕಿದರೆ ಮಸಿ 3ರಲ್ಲೇ ಉಳಿಯಿತು, ಪ್ಲಗ್ ಜೊತೆ ಹೋಗಲಿಲ್ಲ. ವಯರ್ ಬದಲಿಸಿದರೂ ಅದೇ. ಈ ಅದಲುಬದಲು ಮೊದಲ ದಿನವೇ ಮಾಡಿದ್ದರೆ 2,700 ಉಳಿಯುತ್ತಿತ್ತು. ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು: 3-4ಕ್ಕೆ ಮಾತ್ರ ಒಂದು ಗ್ರೇಡ್ ಬಿಸಿ ಪ್ಲಗ್ (ತುದಿ ಹೆಚ್ಚು ಕಾದು ಮಸಿ ಸುಡುವಂಥದ್ದು), ಬಿಪಿ6ಇಎಸ್ ತೆಗೆದು ಬಿಪಿ5ಇಎಸ್. ಮಸಿ ಅರ್ಧಕ್ಕಿಳಿಯಿತು. ರೋಗ ಹೋಗಲಿಲ್ಲ, ಕುರುಹು ಅಳಿಸಿತು ಅಷ್ಟೆ. ವಾಪಸ್ ತೆಗೆದೆ.

ದಾರಿ ಸಿಕ್ಕಿದ್ದು ಪ್ಲಗ್ಗನ್ನು ಎರಡು ಬಗೆಯಲ್ಲಿ ಓದಿದಾಗ. ಮೊದಲು ಶುದ್ಧ ಪ್ಲಗ್ ಹಾಕಿ ಹೈವೇಯಲ್ಲಿ ಏಳೆಂಟು ಕಿಲೋಮೀಟರ್ ಒಂದೇ ವೇಗ, ಕ್ಲಚ್ ಒತ್ತಿ ಕೀ ಆಫ್, ಉರುಳುತ್ತಾ ಬದಿಗೆ ನಿಲ್ಲಿಸಿ ಅಲ್ಲೇ ಬಿಚ್ಚಿದೆ. ನಾಲ್ಕೂ ಹೆಚ್ಚುಕಡಿಮೆ ಒಂದೇ ಬಣ್ಣ! ಇನ್ನೊಂದು ಸಲ ನಿಂತಲ್ಲೇ ಬರೀ ಐಡ್ಲಿಂಗ್, ಹದಿನೈದು ನಿಮಿಷ. 3-4 ಕಪ್ಪು, 1-2 ಬಿಳಿ. ಮೇನ್ ಜೆಟ್ (ಓಡುವಾಗ ಪೆಟ್ರೋಲ್ ಬಿಡುವ ಕಾರ್ಬೊರೇಟರ್ ರಂಧ್ರ) ದೊಡ್ಡದಾಗಿದ್ದರೆ ಹೈವೇಯಲ್ಲೇ ನಾಲ್ಕೂ ಕಪ್ಪಾಗಬೇಕಿತ್ತು. ಆಯಿಲ್ ಬಾತ್ ಏರ್ ಕ್ಲೀನರ್‌ಗೆ ಆಯಿಲ್ ಜಾಸ್ತಿ ತುಂಬಿದರೂ ಹಾಗೇ, ನಾಲ್ಕಕ್ಕೂ ಒಂದೇ ಗತಿ. ಐಡ್ಲಿಂಗ್‌ನಲ್ಲಿ ಮಾತ್ರ ಕಾಣುವುದು, ಅದೂ ಜೋಡಿಯಾಗಿ ಕಾಣುವುದು ಅಂದರೆ ಹೊರಗಿನ ಗಾಳಿ ಎಲ್ಲೋ ಒಳಕ್ಕೆ ಸೋರುತ್ತಿದೆ.

ಈ ಹೆಡ್‌ನಲ್ಲಿ 1-2ಕ್ಕೆ ಮಿಶ್ರಣ ಒಳಬರುವ ಒಂದೇ ಇನ್ಲೆಟ್ ಬಾಯಿ, 3-4ಕ್ಕೆ ಇನ್ನೊಂದು. ಕಾರ್ಬೊರೇಟರ್ ಬುಡದಲ್ಲಿ ಸೋರಿದರೆ ನಾಲ್ಕೂ ಲೀನ್ ಆಗುತ್ತವೆ, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದು. ಮುಂದಿನ ಬಾಯಿಯ ಪ್ಯಾಕಿಂಗ್‌ನಲ್ಲಿ ಸೋರಿದರೆ 1-2 ಮಾತ್ರ ಲೀನ್ ಆಗಿ ಮಿಸ್ ಹೊಡೆಯುತ್ತವೆ. ಆಗ ಟ್ಯೂನ್ ಮಾಡುವವರು ಏನು ಮಾಡುತ್ತಾರೆ? ಐಡ್ಲಿಂಗ್ ನುಣುಪಾಗುವವರೆಗೆ ಮಿಕ್ಸ್ಚರ್ ಸ್ಕ್ರೂ ಬಿಚ್ಚಿ ಪೆಟ್ರೋಲ್ ಹೆಚ್ಚಿಸುತ್ತಾ ಹೋಗುತ್ತಾರೆ. 1-2 ಸುಧಾರಿಸುತ್ತವೆ, ಏನೂ ತಪ್ಪು ಮಾಡದ 3-4 ಮಸಿ ಕುಡಿಯುತ್ತವೆ. ನನ್ನ ಸ್ಕ್ರೂ ಮೂರೂವರೆ ಸುತ್ತು ಹೊರಗಿತ್ತು. ಎಲ್ಲರೂ ಕಪ್ಪು ಪ್ಲಗ್ ನೋಡಿದರು, ಬಿಳಿ ಪ್ಲಗ್ ನೋಡಲಿಲ್ಲ.

ಖಾತ್ರಿ ಮಾಡಿಕೊಳ್ಳಲು ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಬೇಡಿ. ಎಕ್ಸಾಸ್ಟ್ ಅಲ್ಲೇ ಪಕ್ಕದಲ್ಲಿದೆ, ಹೊತ್ತಿಕೊಳ್ಳಬಹುದು. ತಣ್ಣಗಿನ ಇಂಜಿನ್ ಚಾಲೂ ಮಾಡಿ, ಮೊದಲ ಒಂದೆರಡು ನಿಮಿಷದಲ್ಲೇ ಸಿರಿಂಜಿನಿಂದ ಇಂಜಿನ್ ಆಯಿಲ್ ತೊಟ್ಟುತೊಟ್ಟಾಗಿ ಇನ್ಲೆಟ್ ಮ್ಯಾನಿಫೋಲ್ಡ್ (ಕಾರ್ಬೊರೇಟರಿನಿಂದ ಮಿಶ್ರಣ ತರುವ ಕೊಳವೆ) ಹೆಡ್ಡಿಗೆ ಕೂರುವ ಜೋಡಣೆಯ ಮೇಲಂಚಿಗೆ ಬಿಟ್ಟೆ. ಹಿಂದಿನ ಬಾಯಿ: ಏನೂ ಇಲ್ಲ. ಮುಂದಿನದು: ಆಯಿಲ್ ಒಳಗೆಳೆದುಕೊಂಡಿತು, ಐಡ್ಲಿಂಗ್ ಕ್ಷಣಕಾಲ ನುಣುಪಾಯಿತು, ಹಿಂದೆಯೇ ನೀಲಿ ಹೊಗೆ. ಇನ್ಲೆಟ್ಟಿನ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಹದಿಮೂರು ಇಂಚಿನ ಹತ್ತಿರ ನಡುಗುತ್ತಿತ್ತು. (ಬೆಂಗಳೂರಿನ ಎತ್ತರಕ್ಕೆ ಮೂರು ಇಂಚು ಕಳೆದೇ ಲೆಕ್ಕ ಹಾಕಬೇಕು; ಪುಸ್ತಕದ 19-20 ಇಲ್ಲಿ ಬರುವುದಿಲ್ಲ.)

ಪ್ಯಾಕಿಂಗ್ ಬದಲಿಸಿದರೆ ಮುಗಿಯಿತು ಅಂದುಕೊಂಡೆ. ತಡೆದದ್ದು ಎರಡೇ ವಾರ. ಎರಡು ಪ್ಯಾಕಿಂಗ್ ಒಟ್ಟಿಗೆ, ನಡುವೆ ಸೀಲಂಟ್: ಒಂದು ತಿಂಗಳು. ಬಿಗಿ ಸಾಲದೆಂದು ಸ್ಪ್ಯಾನರ್‌ಗೆ ಪೈಪ್ ಹಾಕಿ ತಿರುಗಿಸಿದೆ, ಸ್ಟಡ್ ಹೆಡ್‌ನ ಥ್ರೆಡ್ ಸಮೇತ ಕಿತ್ತುಬಂತು. ಹೆಲಿಕಾಯಿಲ್‌ಗೆ (ಹೊಸ ಥ್ರೆಡ್ ಕೊಡುವ ಸುರುಳಿ) 700. 5/16 ಸ್ಟಡ್‌ಗೆ 15 ಅಡಿ-ಪೌಂಡ್ ಸಾಕು. ಅಷ್ಟಕ್ಕೆ ಸೋರಿಕೆ ನಿಲ್ಲದಿದ್ದರೆ ತಪ್ಪು ಬೇರೆ ಕಡೆ ಇದೆ.

ಇತ್ತು ಕೂಡ. ಇಲ್ಲಿ ನಟ್ಟಿನ ಕೆಳಗಿನ ದಪ್ಪ ವಾಷರ್ ಒಂದೇ ಇನ್ಲೆಟ್ ಕಿವಿ (ಮ್ಯಾನಿಫೋಲ್ಡಿನ ಚಾಚು), ಎಕ್ಸಾಸ್ಟ್ ಕಿವಿ ಎರಡನ್ನೂ ಒತ್ತಿ ಹಿಡಿಯುತ್ತದೆ. ಹಿಂದೆ ಯಾರೋ ಇನ್ಲೆಟ್ ಮ್ಯಾನಿಫೋಲ್ಡಿನ ಮುಖ ಉಜ್ಜಿಸಿದ್ದರು, ಎಕ್ಸಾಸ್ಟಿನದನ್ನು ಹಾಗೇ ಬಿಟ್ಟಿದ್ದರು. ಎರಡನ್ನೂ ಮಟ್ಟಸ ಹಲಗೆಯ ಮೇಲೆ ಮುಖ ಕೆಳಗೆ ಮಾಡಿ ಇಟ್ಟು, ಕಿವಿಗಳ ಮೇಲೆ ಉಕ್ಕಿನ ಪಟ್ಟಿ ಅಡ್ಡವಿಟ್ಟು, ಸಂದಿಗೆ ಫೀಲರ್ ಗೇಜ್ ತೂರಿಸಿದೆ. ಹಿಂದಿನ ಕಡೆ 0.1 ಮಿಮೀ, ಮುಂದಿನ ಕಡೆ 0.45ರಷ್ಟು. ವಾಷರ್ ಎಕ್ಸಾಸ್ಟ್ ಮೇಲೆ ಮಾತ್ರ ಕೂತು, ಇನ್ಲೆಟ್ಟನ್ನು ಬರೀ ಮುಟ್ಟಿಕೊಂಡಿತ್ತು. ನಟ್ ಎಷ್ಟು ಬಿಗಿದರೂ ಬಲವೆಲ್ಲ ಎಕ್ಸಾಸ್ಟಿಗೇ.

6 ಮಿಮೀ ಕಬ್ಬಿಣದ ಎರಡು ವಾಷರ್, ಎಕ್ಸಾಸ್ಟ್ ಕಡೆಯ ಅರ್ಧಕ್ಕೆ ಮೆಟ್ಟಿಲು ತೆಗೆಸಿದೆ, 500 ಕೊಟ್ಟೆ. ಮೆಟ್ಟಿಲು ಅಳೆದಷ್ಟೇ ಅಲ್ಲ. ಎಕ್ಸಾಸ್ಟ್ ಬಿಸಿಗೆ ಹಿಗ್ಗುವುದಕ್ಕೆ ಸ್ವಲ್ಪ ಹೆಚ್ಚು ಬಿಡಬೇಕು. ಎಷ್ಟು ಎಂಬುದು ಮೂರು ವಾಷರ್ ಹಾಳುಮಾಡಿ ಕಲಿತದ್ದು, ಅದು ನನ್ನ ಹತ್ತಿರವೇ ಇರಲಿ. ಪ್ಯಾಕಿಂಗ್ ಒಂದೇ, ಸೀಲಂಟ್ ಇಲ್ಲ. ಸ್ಟಡ್ ನೋಡಿಕೊಂಡು ವಾಷರ್ ತಿರುಗದಂತೆ ಕೂರಿಸುವುದು ಮುಖ್ಯ. ತಿರುಗಿದರೆ ಮೆಟ್ಟಿಲು ತಪ್ಪು ಕಡೆಗೆ. ಮುನ್ನೂರು ಕಿಲೋಮೀಟರ್ ಆದ ಮೇಲೆ ತಣ್ಣಗಿದ್ದಾಗ ಇನ್ನೊಮ್ಮೆ ಬಿಗಿ.

ಮಿಕ್ಸ್ಚರ್ ಸ್ಕ್ರೂ ಈಗ ಒಂದೂ ಮುಕ್ಕಾಲು ಸುತ್ತು, ಗೇಜ್ 16ರ ಮೇಲೆ ಅಲುಗದೆ ನಿಂತಿದೆ. ಐಡ್ಲಿಂಗ್‌ನಲ್ಲಿ ಒಂದೊಂದೇ ವಯರ್ ತೆಗೆದರೆ ನಾಲ್ಕರಲ್ಲೂ ಒಂದೇ ಅಳತೆಯ ಇಳಿತ; ಮುಂಚೆ 1-2 ತೆಗೆದರೆ ಇಂಜಿನ್‌ಗೆ ಗೊತ್ತೇ ಆಗುತ್ತಿರಲಿಲ್ಲ. ನಾಲ್ಕು ಸಾವಿರ ಕಿಲೋಮೀಟರ್ ಆಯಿತು, ಪ್ಲಗ್ ಒಮ್ಮೆಯೂ ಉಜ್ಜಿಲ್ಲ. ಬಿಚ್ಚಿ ನೋಡಿದರೆ ಬಣ್ಣ ಬಿಸ್ಕೆಟ್ ಕಂದು. 4ನೆಯದರ ಅಂಚಿನಲ್ಲಿ ಮಾತ್ರ ತುಸು ಜಿಡ್ಡಿದೆ. ಇನ್ಲೆಟ್ ವಾಲ್ವ್ ಕಾಂಡದ ರಬ್ಬರ್ ರಿಂಗ್ ಗಟ್ಟಿಯಾಗಿರಬೇಕು. ಹೆಡ್ ಬಿಚ್ಚದೆ ಅದನ್ನು ಬದಲಿಸುವುದು ಮುಂದಿನ ಭಾನುವಾರದ ಕೆಲಸ.