ಮೊದಲ ಹವಳ ತರುವ ಮುಂಚೆ ಕೆಎಚ್ ಅಳೆಯಿರಿ

ಉಪ್ಪುನೀರಿನ ಟ್ಯಾಂಕಿಗೆ ಹವಳ ತರಬೇಕು ಅನ್ನುವವರಿಗೆಲ್ಲ ನಾನು ಹೇಳುವುದು ಒಂದೇ ಮಾತು. ಮೊದಲು ಒಂದು ವಾರ ದಿನಾ ಒಂದೇ ಹೊತ್ತಿಗೆ ಕೆಎಚ್, ಅಂದರೆ ನೀರಿನ ಕಾರ್ಬೊನೇಟ್ ಗಡಸುತನ, ಅಳೆದು ಬರೆದಿಡಿ. ಅದು 8 ಇದ್ದರೂ ಸರಿ, 9 ಇದ್ದರೂ ಸರಿ, ಹವಳ ಹೊಂದಿಕೊಳ್ಳುತ್ತದೆ. ಇವತ್ತು 8, ನಾಡಿದ್ದು 11 ಆದರೆ ಮಾತ್ರ ತಡೆದುಕೊಳ್ಳುವುದಿಲ್ಲ.

ಏನು ತರಬೇಕು? ಝೋವಾಂಥಿಡ್ (ಚಿಕ್ಕದಾಗಿ ಝೋವಾ) ಅಥವಾ ಮಶ್ರೂಮ್ ಎಂಬ ಮೆತ್ತನೆಯ ಹವಳ. ಕಲ್ಲು ಹವಳಗಳು ಬೇಡ, ಅವೆಲ್ಲ ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿ, ಒಂದನೇ ಅನುಸೂಚಿಯಲ್ಲಿವೆ. ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದಾಗ ಒಂದು ಚೂರನ್ನೂ ಮುಟ್ಟಬೇಡಿ, ಅದು ಅಲ್ಲೇ ಚೆನ್ನ.

ಈಗ ನೀರು. ಬೆಂಗಳೂರಿನ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಗೀಸರ್ ಕಾಯಿಲ್ ನೋಡಿದರೇ ಗೊತ್ತಾಗುತ್ತೆ, ಅಲ್ವಾ? ಅಡುಗೆಮನೆ ಆರ್‌ಓ ಸಾಲದು. ರುಚಿಗೆ ಅಂತ ಅದರಲ್ಲಿ ಎಷ್ಟೋ ಸಲ ಸ್ವಲ್ಪ ಗಡಸು ನೀರನ್ನೇ ವಾಪಸ್ ಬೆರೆಸಿರುತ್ತಾರೆ. ಆರ್‌ಓ ಆದಮೇಲೆ ಉಳಿದ ಲವಣ ಹಿಡಿಯುವ ಒಂದು ಡಿಐ ರೆಸಿನ್ ಹಾಕಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 0 ತೋರಿಸಬೇಕು.

ನೀರು ಬದಲಿಸಲು ಉಪ್ಪು ಕಲಸಿದ ಬಕೆಟ್ಟಿನ ಕೆಎಚ್ ಕೂಡ ನೋಡಿ. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಹವಳದ ಟ್ಯಾಂಕಿನ ಕೆಲವು ರೀಫ್ ಉಪ್ಪಿನಲ್ಲಿ ಅದು 12ರವರೆಗೆ ಬರುತ್ತದೆ. ಟ್ಯಾಂಕಿನಲ್ಲಿ 8 ಇದ್ದಾಗ ಶೇ 10ರಷ್ಟು ನೀರು ಬದಲಿಸಿದರೆ 0.4 ಏರುತ್ತದೆ, ತೊಂದರೆಯಿಲ್ಲ. ಶೇ 40 ಬದಲಿಸಿದರೆ ಒಂದೇ ಸಲಕ್ಕೆ 1.6!

ಹನಿ ಹಾಕುವ ಕಿಟ್‌ಗಳಲ್ಲಿ ಕೆಲವಕ್ಕೆ 5 ಮಿಲಿ ನೀರಿಗೆ ಒಂದು ಹನಿ ಅಂದರೆ 1 ಡಿಕೆಎಚ್ (ಕೆಎಚ್ ಅಳೆಯುವ ಮಾನ). ನಾನು 10 ಮಿಲಿ ತಗೋತೀನಿ, ಆಗ ಒಂದು ಹನಿಗೆ ಅರ್ಧ ಲೆಕ್ಕ. ನೀಲಿ ನೀರು ಹಳದಿಗೆ ತಿರುಗುವ ಹನಿಯಲ್ಲಿ ಟ್ಯೂಬನ್ನು ಬಿಳಿ ಕಾಗದದ ಮುಂದೆ ಹಿಡಿದು ನೋಡಿ.

ಕೆಎಚ್ ಕಮ್ಮಿ ಇದ್ದರೆ ಅಡುಗೆ ಸೋಡಾ ಸಾಕು. ಬೇಕಿಂಗ್ ಪೌಡರ್ ಬೇಡ. 100 ಲೀಟರಿಗೆ 3 ಗ್ರಾಂ ಹಾಕಿದರೆ ಸುಮಾರು 1 ಡಿಕೆಎಚ್ ಏರುತ್ತದೆ. ಡಿಐ ನೀರಿನಲ್ಲಿ ಕರಗಿಸಿ, ಎರಡು ದಿನಕ್ಕೆ ಹಂಚಿ, ನೀರು ಜೋರಾಗಿ ಹರಿಯುವ ಕಡೆ ನಿಧಾನಕ್ಕೆ ಸುರಿಯಿರಿ.

ಕ್ಯಾಲ್ಸಿಯಂ 400ರಿಂದ 450 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಮೆಗ್ನೀಸಿಯಂ 1,300ರ ಆಸುಪಾಸು ಇದ್ದರೆ ಆಯಿತು. ಇವನ್ನು ದಿನಾ ಅಳೆಯಬೇಕಿಲ್ಲ. ಹವಳ ಸುಣ್ಣದ ಎಲುಬು ಕಟ್ಟುವಾಗ 1 ಡಿಕೆಎಚ್ ಖರ್ಚಾದರೆ ಕ್ಯಾಲ್ಸಿಯಂ ಇಳಿಯುವುದು 7 ಪಿಪಿಎಂ ಅಷ್ಟೇ. ಝೋವಾ, ಮಶ್ರೂಮ್‌ಗಳಿಗೆ ಸುಣ್ಣದ ಎಲುಬೇ ಇಲ್ಲ. ಹಾಗಾಗಿ ಕೆಎಚ್, ಕ್ಯಾಲ್ಸಿಯಂ ಏರಿಸುವ ಡೋಸಿಂಗ್ ಬಾಟಲಿ ಸುಮ್ನೆ ಕೊಳ್ಳಬೇಡಿ, ನೀರು ಬದಲಿಸುವುದರಲ್ಲೇ ಸರಿದೂಗುತ್ತದೆ.

ಅಮೋನಿಯಾ, ನೈಟ್ರೈಟ್ 0 ಇರಲೇಬೇಕು. ನೈಟ್ರೇಟ್, ಫಾಸ್ಫೇಟ್ ಮಾತ್ರ 0 ಬೇಡ. ಹವಳಕ್ಕೆ ಅದು ಊಟ. ಅವು ಪೂರ್ತಿ ಖಾಲಿಯಾದ ಟ್ಯಾಂಕಿನಲ್ಲಿ ಡೈನೋಫ್ಲಾಜೆಲೇಟ್ ಎಂಬ ಕಂದು ಲೋಳೆ ಹಬ್ಬುವುದು ಜಾಸ್ತಿ. ನೈಟ್ರೇಟ್ 2ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇಟ್ಟುಕೊಳ್ಳಿ.

ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ). ಏಪ್ರಿಲ್ ಸೆಕೆಗೆ ಫ್ಯಾನ್ ಇಟ್ಟರೆ ನೀರು ತಣ್ಣಗಾಗುತ್ತದೆ, ಆದರೆ ಬೇಗ ಆವಿಯಾಗುತ್ತದೆ. ಉಪ್ಪು ಹೋಗುವುದಿಲ್ಲ, ನೀರು ಮಾತ್ರ ಹೋಗುತ್ತದೆ. ಅದಕ್ಕೇ ದಿನಾ ಡಿಐ ನೀರನ್ನೇ ತುಂಬಿ, ಉಪ್ಪುನೀರನ್ನಲ್ಲ.

ಝೋವಾ ಮುಟ್ಟುವಾಗ ಗ್ಲೌಸ್, ಕನ್ನಡಕ ಹಾಕಲೇಬೇಕು. ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಇದೆ. ಝೋವಾ ಅಂಟಿದ ಕಲ್ಲನ್ನು ಯಾವತ್ತೂ ಕುದಿಸಬೇಡಿ.

ಟ್ಯಾಂಕಿನಲ್ಲಿ ಇಟ್ಟ ಮೇಲೆ ಕೆಲವು ದಿನ ಹವಳ ಮುಚ್ಚಿಕೊಂಡೇ ಇರಬಹುದು. ಗಾಬರಿಯಾಗಿ ಏನೂ ಸುರಿಯಬೇಡಿ. ಕೆಎಚ್, ಉಪ್ಪಿನಂಶ ಎರಡೂ ನೀವು ಬರೆದಿಟ್ಟ ಹಾಗೇ ಇದ್ದರೆ ನೀರಿಗೆ ಕೈ ಹಾಕದೆ ಬಿಡಿ.