ಹಿತ್ತಲ ಕೋಣೆಯ ನೆಲಕ್ಕೆ ಥಂಡಿ ತಡೆಯುವ ಹಾಸು

ಪುಣೆಯ ಹಳೆ ಬಂಗಲೆಗಳ ಹಿತ್ತಲಲ್ಲಿ ಸಾಮಾನು ತುಂಬುವ ಕೋಣೆಯೊಂದು ಸಾಮಾನ್ಯ. ಈಗ ಅದೇ ಕೋಣೆ ಮಕ್ಕಳ ಓದಿಗೋ ಲ್ಯಾಪ್‌ಟಾಪ್ ಕೆಲಸಕ್ಕೋ ಬೇಕಾಗಿದೆ. ನೆಲಕ್ಕೆ ಹಾಸಿರುವುದು ಹೆಚ್ಚಾಗಿ ನಮ್ಮ ಕಲಬುರಗಿ ಕಡೆಯ ಶಹಾಬಾದ್ ಫರ್ಸಿ ಕಲ್ಲು. ಬೇಸಿಗೆಯಲ್ಲಿ ಅದರಷ್ಟು ಹಿತ ಬೇರೆ ಇಲ್ಲ. ಹಾಗಾಗಿ ಕೋಣೆಯ ಬಳಕೆ ಬೇಸಿಗೆಗೆ ಮಾತ್ರವಾದರೆ ನೆಲ ಮುಟ್ಟಲೇಬೇಡಿ. ಚಳಿಗಾಲದ ರಾತ್ರಿ 10 ಡಿಗ್ರಿ ಆಸುಪಾಸಿನಲ್ಲಿ ಅಲ್ಲಿ ಕೂತು ಕೆಲಸ ಮಾಡುವವರಿಗೆ ಮಾತ್ರ ನೆಲಕ್ಕೆ ಥಂಡಿ ತಡೆಯುವ ಹಾಸು, ಅದರ ಮೇಲೆ ಪ್ಲೈವುಡ್ ಹಾಕಿಸುವ ಈ ಖರ್ಚು.

ಥಂಡಿಗಿಂತ ಮೊದಲು ತೇವ ನೋಡಬೇಕು. ಅದನ್ನು ಮಳೆಗಾಲದಲ್ಲೇ ನೋಡಬೇಕು. ಸುಮಾರು 45 ಸೆಂ.ಮೀ. ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಅಂಚಿಗೆ ಟೇಪ್ ಒತ್ತಿ, ಒಂದು ದಿನ ಬಿಡಿ. ಎತ್ತಿದಾಗ ಅಡಿಯಲ್ಲಿ ಹನಿ ಕಟ್ಟಿದ್ದರೆ, ಅಷ್ಟೇ ಜಾಗದ ಕಲ್ಲು ಕಪ್ಪಾಗಿದ್ದರೆ, ನೀರು ಕೆಳಗಿನಿಂದ ಏರುತ್ತಿದೆ ಎಂದೇ ಅರ್ಥ. ಆಗ ಹೊರಗೆ ಹೋಗಿ ನೋಡಿ. ಅಂಗಳದ ಮಣ್ಣು ಕೋಣೆಯ ನೆಲಕ್ಕಿಂತ ಎತ್ತರ ಇದೆಯಾ? ಮಾಳಿಗೆ ನೀರು ಗೋಡೆ ಬುಡಕ್ಕೇ ಬೀಳುತ್ತಿದೆಯಾ? ಮಣ್ಣು ತೆಗೆಸಿ, ನೀರಿಗೆ ಬೇರೆ ದಾರಿ ಮಾಡಿ. ಇದನ್ನು ಬಿಟ್ಟು ಸುಮ್ನೆ ಮೇಲೆ ಮುಚ್ಚಿದರೆ ಒಳಗೊಳಗೇ ಬೂಷ್ಟು ಬಂದು ಪ್ಲೈ ಕೊಳೆಯುತ್ತದೆ.

ಎರಡನೆಯದು ಬಾಗಿಲು. ಸಾಮಾನು ತರುವ ಮುಂಚೆಯೇ ಅಳೆಯಿರಿ. 25 ಮಿ.ಮೀ. ಹಾಸು, ಅದರ ಮೇಲೆ 12 ಮಿ.ಮೀ.ನ ಎರಡು ಪ್ಲೈ ಸೇರಿದರೆ ನೆಲ ಸುಮಾರು 5 ಸೆಂ.ಮೀ. ಏರುತ್ತದೆ. ಒಳಕ್ಕೆ ತೆರೆಯುವ ಬಾಗಿಲಾದರೆ ಅಡಿಭಾಗ ಕತ್ತರಿಸಲೇಬೇಕು.

ಕೆಲಸಕ್ಕೆ ದಸರಾ ಕಳೆದು ನೆಲ ಒಣಗಿದ ಮೇಲಿನ ದಿನಗಳು ಒಳ್ಳೆಯವು. ಫರ್ಸಿ ಸಂದುಗಳಿಗೆ ಸಿಮೆಂಟ್ ತುಂಬಿ, ಏರುತಗ್ಗು ಸರಿಮಾಡಿ. ಗೆದ್ದಲಿನ ಔಷಧಿ ಹೊಡೆಸುವುದೂ ಈಗಲೇ, ಆಮೇಲೆ ಕೈ ಹೋಗಲ್ಲ. ಪೂರ್ತಿ ಒಣಗಿದ ಮೇಲೆ 250 ಮೈಕ್ರಾನ್ ಪಾಲಿಥೀನ್ ಹಾಸಿ. ಒಂದು ಹಾಳೆ ಇನ್ನೊಂದರ ಮೇಲೆ 15 ಸೆಂ.ಮೀ. ಬರಲಿ, ಜೋಡಣೆಗೆ ಟೇಪ್ ಹಾಕಿ, ಗೋಡೆಗೂ ಸ್ವಲ್ಪ ಏರಿಸಿ.

ಅದರ ಮೇಲೆ ಥಂಡಿ ತಡೆಯುವ ಹಾಸು, ಅಂದರೆ ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮ್ ಹಲಗೆ. ಅಂಗಡಿಯವನು ಪ್ಯಾಕಿಂಗ್ ಥರ್ಮಾಕೋಲ್ ತೋರಿಸಿ ‘ಚಾಲೇಲ್’ (ನಡೆಯುತ್ತೆ) ಅಂದರೂ ಒಪ್ಪಬೇಡಿ. ಅದು ಕುರ್ಚಿ ಕಾಲಿನ ಭಾರಕ್ಕೇ ಕುಸಿಯುತ್ತದೆ. ಎಕ್ಸ್‌ಪಿಎಸ್ ಗಟ್ಟಿ, ನೀರನ್ನೂ ಅಷ್ಟಾಗಿ ಹೀರುವುದಿಲ್ಲ. ಹಲಗೆಗಳನ್ನು ಇಟ್ಟಿಗೆ ಗೋಡೆಯ ಹಾಗೆ ಸಂದು ತಪ್ಪಿಸಿ ಜೋಡಿಸಿ. ಸಾಲ್ವೆಂಟ್ ಇರುವ ಗೋಂದು ತಾಗಿಸಬೇಡಿ, ಕರಗಿ ಗುಳಿ ಬೀಳುತ್ತದೆ.

ಪ್ಲೈ ಮೇಲೆ ಐಎಸ್ 710 (ನೀರು ತಾಳುವ ಮರೈನ್ ಪ್ಲೈ) ಗುರುತು ನೋಡಿ ಕೊಳ್ಳಿ. ಭವಾನಿ ಪೇಠದ ಟಿಂಬರ್ ಮಾರ್ಕೆಟ್ಟಿನಲ್ಲಿ ಪ್ಲೈ ಸಿಗುತ್ತದೆ, ಸ್ಕ್ರೂ ಟೇಪ್‌ಗಳಿಗೆ ಬೋಹರಿ ಆಳಿಯ ಹಾರ್ಡ್‌ವೇರ್ ಅಂಗಡಿಗಳು. ಮೊದಲ ಪದರ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಎರಡನ್ನೂ ಸೇರಿಸಲು 20 ಮಿ.ಮೀ. ಸ್ಕ್ರೂ ಸಾಕು. ಉದ್ದ ಜಾಸ್ತಿಯಾದರೆ ಅದು ಪ್ಲೈ ದಾಟಿ ಎಕ್ಸ್‌ಪಿಎಸ್ ಹಾಸಿನೊಳಕ್ಕೆ ಇಳಿಯುತ್ತದೆ, ಇನ್ನೂ ಉದ್ದವಾದರೆ ಪಾಲಿಥೀನೇ ತೂತಾಗುತ್ತದೆ. ಗೋಡೆಯ ಸುತ್ತ 10 ಮಿ.ಮೀ. ಜಾಗ ಬಿಡಿ, ಮಳೆಗಾಲದಲ್ಲಿ ಪ್ಲೈ ಉಬ್ಬುತ್ತದಲ್ವಾ. ಆ ಸಂದನ್ನು ಗೋಡೆ ಬುಡದ ಸ್ಕರ್ಟಿಂಗ್ ಪಟ್ಟಿ ಮುಚ್ಚುತ್ತದೆ.

ಮೇಲೆ ವಿನೈಲ್ ಹಾಸಿದರೆ ಕೆಲಸ ಮುಗಿಯಿತು. ಇನ್ನು ಮೇಲೆ ಬಕೆಟ್ ನೀರು ಸುರಿದು ತೊಳೆಯುವ ಹಾಗಿಲ್ಲ, ಹಿಂಡಿದ ಬಟ್ಟೆಯಲ್ಲಿ ಒರೆಸಿ.